ಬೆನ್ನ ಮೇಲಿನ ಮೂರು ಪಟ್ಟಿ

ಎಲ್ಲ ಶುರುವಾದದ್ದು ಆಸ್ಪತ್ರೆಯಿಂದ ಬಂದ ಒಂದು ಕಾಗದದಿಂದ. ಶ್ವಾಸಕೋಶದ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಪಡೆಯುವವರಲ್ಲಿ ಅರ್ಧ ಜನಕ್ಕೆ ನೈಟ್ರೋಗ್ಲಿಸರಿನ್ ಪಟ್ಟಿ ಅಂಟಿಸುತ್ತೇವೆ, ಉಳಿದರ್ಧಕ್ಕೆ ಇಲ್ಲ, ಯಾರಿಗೆಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸುತ್ತದೆ ಎಂದು ಅದರಲ್ಲಿತ್ತು. ಹೂಬ್ ಪ್ಲೌಮೆನ್ ಇಲ್ಲದವರ ಗುಂಪಿಗೆ ಬಿದ್ದಿದ್ದ. ಅರವತ್ತನಾಲ್ಕು ವರ್ಷಗಳಲ್ಲಿ ಯಾವ ಚೀಟಿಯಲ್ಲೂ ಅವನ ಹೆಸರು ಎದ್ದಿರಲಿಲ್ಲ. ಕಾಗದವನ್ನು ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟು ಸುಮ್ಮನಾಗಿದ್ದ.

ಸುಮ್ಮನಿರದವರು ನೆರೆಯವರು. ದಕ್ಷಿಣ ಲಿಂಬರ್ಗಿನ ಆ ಕಾಲೊನಿಯಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ನಲವತ್ತು ವರ್ಷವಾಗಿತ್ತು. ಆದರೂ ಒಬ್ಬ ಬುತ್ತಿ ಮರೆತರೆ ಉಳಿದವರು ಬ್ರೆಡ್ಡು ಮುರಿದು ಕೊಡುವ ಗಣಿಯ ರೂಢಿ ಹೋಗಿರಲಿಲ್ಲ. ಬೆಳಿಗ್ಗೆ ಹತ್ತರ ಕಾಫಿಗೆ ಬಂದ ಪಕ್ಕದ ಮನೆಯ ವಿಧವೆ ಫೀನ್ ಸಕ್ಕರೆ ಡಬ್ಬಿ ಎತ್ತಿದಳು, ಕಾಗದ ಓದಿದಳು, ಗೋಡೆ ಬಡಿದು ಆಚೆ ಮನೆಯ ವೀಲ್‌ನನ್ನು ಕರೆದಳು.

ವೀಲ್ ಒಂದು ಕಾಲಕ್ಕೆ ಗಣಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುತ್ತಿದ್ದವನು. ಈಗ ಹೃದಯದ ರೋಗಿ.

“ನೈಟ್ರೋಗ್ಲಿಸರಿನ್ನಾ? ಅದು ನಮ್ದೇ ಮದ್ದಲ್ವೇನೋ,” ಎನ್ನುತ್ತ ಅವನು ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಪಟ್ಟಿ ತೋರಿಸಿದ. “ಆವಾಗ ಬಂಡೆ ಒಡೀತಿದ್ದದ್ದೂ ಇದೇ, ಈಗ ನನ್ನ ಹೃದಯ ನಡೆಸ್ತಿರೋದೂ ಇದೇ.”

“ಗೆಡ್ಡೆಗೆ ಇದು ಯಾಕೆ?” ಎಂದಳು ಫೀನ್.

“ಗೆಡ್ಡೆ ಒಳಗೆ ಆಮ್ಲಜನಕ ಕಡಿಮೆಯಂತೆ. ಅದಿಲ್ದೆ ಕಿರಣ ಕಚ್ಚಲ್ವಂತೆ,” ಎಂದ ಹೂಬ್. “ಈ ಮದ್ದು ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಡುತ್ತೆ. ಅದು ರಕ್ತನಾಳ ಅಗಲ ಮಾಡುತ್ತೆ, ಆಮ್ಲಜನಕದ ಕೆಲಸಾನೂ ಒಂದಿಷ್ಟು ತಾನೇ ಮಾಡುತ್ತೆ, ಆಮೇಲೆ ಗೆಡ್ಡೆ ಕಿರಣಕ್ಕೆ ಬಗ್ಗುತ್ತೆ. ಹಂಗಂತ ಊಹೆ. ನಿಜಾನಾ ಅಂತ ನೋಡೋಕೇ ಈ ಪರೀಕ್ಷೆ.”

“ಅಂದ್ರೆ, ನೀನು ಸತ್ರೆ ಅವರಿಗೆ ಗೊತ್ತಾಗುತ್ತೆ,” ಎಂದಳು ಫೀನ್.

ವೀಲ್ ಕಾಫಿ ಬಟ್ಟಲು ಕೆಳಗಿಟ್ಟು ತನ್ನ ಪಟ್ಟಿಯನ್ನು ನಾಲ್ಕು ರೋಮಗಳ ಸಮೇತ ಕಿತ್ತ.

“ನಿನಗೆ?” ಎಂದ ಹೂಬ್.

“ಒಂದಿನ ಇಲ್ದಿದ್ರೆ ನನ್ನ ಹೃದಯ ಮುಷ್ಕರ ಹೂಡುತ್ತಾ? ತಿರುಗು. ಬೆನ್ನಿಗೆ ಹಚ್ತೀನಿ, ಮಲಗಿದ್ರೆ ನರ್ಸಿಗೆ ಕಾಣಲ್ಲ.”

ಫೀನ್ ಮನೆಗೆ ಹೋಗಿ ಗಂಡನ ಮೇಜಿನಿಂದ ಇನ್ನೆರಡು ತಂದಳು. “ಅವರು ಹೋಗಿ ಒಂದು ವರ್ಷ ಆಯ್ತು. ಎಸೆಯೋಕೆ ಮನಸ್ಸು ಬಂದಿರ್ಲಿಲ್ಲ,” ಎಂದಳು.

“ಒಂದು ಸಾಲದಾ?” ಎಂದ ಹೂಬ್.

“ಒಂದೇ ಮದ್ದಿಟ್ರೆ ಬಂಡೆಗೆ ಕಚಗುಳಿ ಇಟ್ಟಂಗೆ,” ಎಂದ ವೀಲ್. “ಮೂರು ತೂತು, ಮೂರು ಮದ್ದು. ನನಗೆ ಹೇಳಿಕೊಡ್ಬೇಡ.”

ಅಂದಿನ ವಿಕಿರಣಕ್ಕೆಂದು ಆಸ್ಪತ್ರೆಗೆ ಹೊರಟ ವೀಲ್‌ನ ಕಾರಿನಲ್ಲಿ ಅರ್ಧ ದಾರಿಗೆ ಹೂಬ್‌ನ ತಲೆ ಕಮ್ಮಾರನ ಅಡಿಗಲ್ಲಾಯಿತು.

“ತಲೆ ಸಿಡೀತಿದೆಯಾ? ಹಾಗಾದ್ರೆ ಮದ್ದು ಹತ್ಕೊಂಡಿದೆ,” ಎಂದ ವೀಲ್, ಸಂತೋಷದಿಂದ. “ಅದನ್ನ ಮುಟ್ಟಿದ ದಿನ ನಮಗೆಲ್ಲ ಹಂಗೇ ಆಗ್ತಿತ್ತು.”

ವೀಲ್ ಹೊರಗೆ ಕುರ್ಚಿಯಲ್ಲಿ ಕುಳಿತ. ಚಿಕಿತ್ಸೆಯ ಕೋಣೆಯಲ್ಲಿ ಅಂಗಿ ಕಳಚಿದ ಹೂಬ್, ನರ್ಸಿಗೆ ಬೆನ್ನು ಕಾಣದಂತೆ ಗೋಡೆಗೆ ಒತ್ತಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದ.

“ಚಳಿಯಾ?” ಎಂದಳು ನರ್ಸ್.

“ಅಭ್ಯಾಸ,” ಎಂದ ಹೂಬ್.

ಗೋಡೆಯಿಂದ ಮೇಜಿಗೆ ನಾಲ್ಕು ಹೆಜ್ಜೆ. ಮೂರನೆಯದಕ್ಕೆ ನೆಲ ಆಳುಗಳನ್ನು ಗಣಿಗಿಳಿಸುವ ತೊಟ್ಟಿಲಿನಂತೆ ಕೆಳಗಿಳಿಯತೊಡಗಿತು. ಅವನು ಬಿದ್ದ, ಅದೂ ಬೋರಲಾಗಿ. ಬೆಳ್ಳಗಿನ ಬೆನ್ನ ಮೇಲೆ ಮೂರು ಪಟ್ಟಿಗಳು ನೋಟೀಸು ಅಂಟಿಸಿದಂತೆ ಎದ್ದು ಕಂಡವು.

ಕಣ್ಣು ಬಿಟ್ಟಾಗ ಅವನು ತುರ್ತು ವಾರ್ಡಿನಲ್ಲಿದ್ದ. ಪಟ್ಟಿಗಳನ್ನು ಕಿತ್ತಿದ್ದರು. ಪಕ್ಕದ ಹಾಸಿಗೆಯಲ್ಲಿ ವೀಲ್ ಎದೆ ಹಿಡಿದು ಮಲಗಿದ್ದ. ಕುರ್ಚಿಯಲ್ಲಿ ಕುಳಿತಲ್ಲೇ ನೋವು ಬಂದಿತ್ತಂತೆ.

“ನಿಮ್ಮ ಪಟ್ಟಿ ಎಲ್ಲಿ?” ಎಂದು ನರ್ಸ್ ಕೇಳುತ್ತಿದ್ದಳು. ವೀಲ್ ಹೂಬ್‌ನತ್ತ ಬೆರಳು ತೋರಿಸಿದ.

ಪರೀಕ್ಷೆ ನಡೆಸುವ ಡಾಕ್ಟರ್ ಹೆಂಡ್ರಿಕ್ಸ್ ಬಂದಳು. ಕುರ್ಚಿ ಎಳೆದುಕೊಂಡು ಕುಳಿತು, ಕಿತ್ತ ಮೂರು ಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಹೂಬ್‌ಗೆ.

“ಪ್ಲೌಮೆನ್ ಅವರೇ, ವಿಕಿರಣ ನಾಳೆಯಿಂದ ಮುಂದುವರಿಯುತ್ತೆ. ಆದ್ರೆ ನಿಮ್ಮನ್ನ ಪರೀಕ್ಷೆಯಿಂದ ತೆಗೀಬೇಕಾಯ್ತು. ಹನ್ನೆರಡು ಗಂಟೆಗೆ ನಾನೇ ಸಹಿ ಹಾಕಿದೆ.”

“ಹೋಗ್ಲಿ ಬಿಡಿ ಡಾಕ್ಟ್ರೇ. ಹೇಗೂ ನನಗೆ ಪಟ್ಟಿ ಇರ್ಲಿಲ್ಲ. ಕಳ್ಕೊಳ್ಳೋಕೆ ಏನಿದೆ?”

ಅವಳು ತನ್ನ ಬೂಟಿನ ತುದಿ ನೋಡಿದಳು.

“ಒಂದು ಗಂಟೆಗೆ ಪರೀಕ್ಷೆ ನೋಡ್ಕೊಳ್ಳೋ ಸಮಿತಿಯಿಂದ ಫೋನ್ ಬಂತು. ಈವರೆಗಿನ ಅಂಕಿಅಂಶದಲ್ಲಿ ಒಳ್ಳೇ ಸುಳಿವು ಕಾಣ್ತಿದೆಯಂತೆ. ಚೀಟಿ ಎತ್ತೋದು ನಿಲ್ಲಿಸಿದ್ದಾರೆ. ನಾಳೆಯಿಂದ ಪರೀಕ್ಷೆಯಲ್ಲಿರೋ ಎಲ್ರಿಗೂ ಪಟ್ಟಿ.”

“ನನಗೆ?”

“ಪರೀಕ್ಷೆಯ ಹೊರಗಿರೋರಿಗೆ ಕೊಡೋಕೆ ನನಗೆ ಅನುಮತಿ ಇಲ್ಲ.”

ಅವಳು ಕುರ್ಚಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಹೊರಟುಹೋದಳು. ನರ್ಸ್ ವೀಲ್‌ನ ಎದೆಗೆ ಹೊಸ ಪಟ್ಟಿ ಅಂಟಿಸಿ, ಮೇಲೆ ಎರಡು ಸಲ ಒತ್ತಿ, ಪರದೆ ಸರಿಸಿಕೊಂಡು ಆಚೆಗೆ ಹೋದಳು.

ಇಬ್ಬರೂ ಚಾವಣಿ ನೋಡುತ್ತ ಮಲಗಿದ್ದರು.

“ಹೂಬ್,” ಎಂದ ವೀಲ್ ಮೆಲ್ಲಗೆ, “ಕತ್ತರಿ ಸಿಕ್ರೆ ಅರ್ಧರ್ಧ ಮಾಡ್ಕೋಬಹುದು.”

ಹೂಬ್ ತಲೆಯೆತ್ತಿ, ಪರದೆಯ ಕೆಳಗೆ ನರ್ಸಿನ ಕಾಲುಗಳು ಕಾಣುತ್ತವೆಯೇ ಎಂದು ನೋಡಿದ.