ಮೂವತ್ತೇಳು ಪಾಯಿಂಟ್ ಎಂಟು

ಅಡುಗೆ ಮುಗಿದ ಕೂಡಲೇ ಗ್ಯಾಸ್ ಒಲೆ ಒರೆಸದ ಹೆಂಗಸನ್ನು ಕೈಹಿಡಿದದ್ದೇ ತಮ್ಮ ಬಾಳಿನ ದೊಡ್ಡ ಕೊರಗು ಎಂದು ರಾಜೇಂದ್ರ ಮೇಷ್ಟ್ರು ಹದಿನೈದು ವರ್ಷದಿಂದ ನಂಬಿದ್ದರು. (ರೋಜಾ ಒರೆಸುತ್ತಿದ್ದಳು. ಊಟವಾದ ಮೇಲೆ ಒರೆಸುತ್ತಿದ್ದಳು. ಮೇಷ್ಟ್ರ ಪ್ರಕಾರ ಅದು ಒರೆಸಿದಂತಲ್ಲ.) “ಕೆಲಸ ಮುಗಿಯುವುದು ಒರೆಸಿದಾಗ” ಎಂಬ ತಮ್ಮ ಮಹಾವಾಕ್ಯವನ್ನು ತಿ. ನರಸೀಪುರದ ಶಾಲೆಯ ವಿಜ್ಞಾನ ಕೊಠಡಿಯಲ್ಲೂ ತೂಗುಹಾಕಿದ್ದರು. ಅದರ ಕೆಳಗೆ ಇನ್ನೊಂದು ಸಾಲು: ‘ಬೆಸುಗೆ ಹಾಕಿದ ಮೇಲೆ ಉಳಿದ ಪೇಸ್ಟನ್ನು ಸ್ಪಿರಿಟ್ ಮತ್ತು ಬ್ರಷ್‌ನಿಂದ ತೊಳೆಯತಕ್ಕದ್ದು.’

ಅತ್ತೆ ಮರಿತಾಯಮ್ಮ ದೇವನೂರಿನಿಂದ ಹೊಟ್ಟು ತುಂಬಿದ ಪುಟ್ಟಿಯಲ್ಲಿ ಹನ್ನೆರಡು ಮೊಟ್ಟೆ ತಂದಿದ್ದರು. ಅವರ ಮುದ್ದಿನ ಕರಿಕೋಳಿಯನ್ನು ನಾಯಿ ಹೊತ್ತೊಯ್ದಿತ್ತು. ಕಾವಿಗೆ ಕೂರುವ ಬೇರೆ ಕೋಳಿ ಆಗ ಸಿಕ್ಕಿರಲಿಲ್ಲ.

“ಅದ್ರ ವಂಸ ಉಳ್ಕಂಡ್ರೆ ಸಾಕು ಕಣಪ್ಪ,” ಎಂದರು.

ಮೇಷ್ಟ್ರು ವಂಶೋದ್ಧಾರಕ್ಕೆ ಟೊಂಕ ಕಟ್ಟಿದರು. ಥರ್ಮಾಕೋಲ್ ಡಬ್ಬ, ಬಲ್ಬು, ಪುಟ್ಟ ಫ್ಯಾನು, ಬಿಸಿ ಅಳೆದು ಬಲ್ಬನ್ನು ಹತ್ತಿಸಿ ಆರಿಸುವ ಸರ್ಕ್ಯೂಟ್ ಬೋರ್ಡು ಸೇರಿ ಕಾವು ಪೆಟ್ಟಿಗೆಯಾಯಿತು. ಮೊಟ್ಟೆಗಳ ಮೇಲೆ ಪೆನ್ಸಿಲ್ಲಿನಲ್ಲಿ ಒಂದರಿಂದ ಹನ್ನೆರಡರವರೆಗೆ ಅಂಕಿ ಬಿತ್ತು. ಪರದೆಯಲ್ಲಿ ಕೆಂಪಗೆ 37.8 ಬೆಳಗಿತು.

ಹದಿನೆಂಟನೆಯ ದಿನ, ಭಾನುವಾರ, ಪೆಟ್ಟಿಗೆಯ ಕೆಳಗೆ ಧೂಳಿದೆಯೆಂದು ಮೇಷ್ಟ್ರು ಅದನ್ನು ಸರಿಸಿದರು. ಬಿಸಿ ಅಳೆಯುವ ತಂತಿ ಬೋರ್ಡಿನಿಂದ ಕಿತ್ತು ಬಂತು. ಹಳದಿ ಪೇಸ್ಟನ್ನು ಧಾರಾಳವಾಗಿ ಹಚ್ಚಿ ಬೆಸುಗೆ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಬಾಡಿನ ಸಾರಿನ ವಾಸನೆ ಬಂತು.

“ಏನ್ರೀ, ಬೋರ್ಡ್ ಮ್ಯಾಲೆ ತುಪ್ಪ ಮೆತ್ತಿದಂಗದೆ. ಒರೆಸಲ್ವಾ?”

“ಊಟ ಆಗ್ಲಿ.”

“ಊಟ ಆದ್ಮೇಲೆ ಒರೆಸ್ಬೋದಾ? ಅಂಗಾರೆ ನಾನೂ...”

“ಅದೇ ಬೇರೆ, ಇದೇ ಬೇರೆ. ಇದು ರಕ್ಷಾಕವಚ ಕಣೇ! ತೇವ ತಾಗದ ಹಾಗೆ ಕಾಪಾಡುತ್ತೆ.”

(ಇದು ಅಪ್ಪಟ ಸುಳ್ಳು. ಆ ಪೇಸ್ಟೇ ತೇವ ಎಳೆದುಕೊಳ್ಳುತ್ತದೆಂದು ಅವರು ಹಿಂದಿನ ವಾರವಷ್ಟೇ ಪಾಠ ಮಾಡಿದ್ದರು.) ಊಟವಾಯಿತು. ನಿದ್ದೆಯೂ ಆಯಿತು. ಒರೆಸುವುದೊಂದು ಆಗಲಿಲ್ಲ.

ಸಂಜೆ ಮರಿತಾಯಮ್ಮ ಒಂದು ಮೊಟ್ಟೆ ಎತ್ತಿ ಕಣ್ಣುರೆಪ್ಪೆಗೆ ಒತ್ತಿಕೊಂಡರು. “ತಣ್ಣಗವೆ ಕಣಪ್ಪ, ಅಳಿಮಯ್ಯ.”

ಮೇಷ್ಟ್ರು ಪರದೆಯತ್ತ ಬೆರಳು ತೋರಿಸಿದರು. “ಮೂವತ್ತೇಳು ಪಾಯಿಂಟ್ ಎಂಟು. ನಿಮ್ಮದು ಅಂದಾಜು ಅತ್ತೆ, ಇದು ಅಳತೆ. ವಯಸ್ಸಾದ ಮೇಲೆ ಚರ್ಮಕ್ಕೆ ಬಿಸಿ ತಣ್ಣಗೆ ತಿಳಿಯಲ್ಲ.”

ಪಕ್ಕದ ಮನೆಯ ಸಣ್ಣತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳೆದುರಿಗೇ ಈ ಮಾತು. ಮರಿತಾಯಮ್ಮ ಮೊಟ್ಟೆಯನ್ನು ಮೆಲ್ಲಗೆ ಒಳಗಿಟ್ಟರು.

ಕೊನೆಯ ಮೂರು ದಿನ ಮುಚ್ಚಳ ತೆಗೆಯುವಂತಿಲ್ಲ. ಮೇಷ್ಟ್ರು ‘ತೆರೆಯಕೂಡದು’ ಎಂಬ ಚೀಟಿ ಅಂಟಿಸಿ, ಹೊತ್ತುಹೊತ್ತಿಗೆ 37.8 ಎಂದು ಬರೆದುಕೊಂಡರು. ಇಪ್ಪತ್ತೊಂದನೆಯ ದಿನ, ಬುಧವಾರ, ಮರಿಗಳ ಜನನಕ್ಕೆಂದೇ ಸಿ.ಎಲ್. ರಜೆ ಹಾಕಿ ಮನೆಯಲ್ಲಿ ಉಳಿದರು.

ಹತ್ತು ಗಂಟೆಯಾಯಿತು. ಕಿಚ್ ಎಂಬ ಸದ್ದಿಲ್ಲ. ಅನುಮಾನ ಬಂದು ಗಾಳಿತೂತಿನೊಳಕ್ಕೆ ಜ್ವರ ನೋಡುವ ಥರ್ಮಾಮೀಟರ್ ತೂರಿಸಿದರು. ಅದು ಅಂಕಿಯನ್ನೇ ತೋರಿಸದೆ ‘ಲೋ’ ಎಂದಿತು. ತಮ್ಮನ್ನೇ ಕರೆದಂತಾಯಿತು.

ಬೋರ್ಡನ್ನು ಬಿಚ್ಚಿ ನೋಡಿದರು. ಪೇಸ್ಟು ಧೂಳು ಕುಡಿದು, ತೇವ ಕುಡಿದು, ಎರಡು ಬೆಸುಗೆಗಳ ನಡುವೆ ಕಂದು ಸೇತುವೆ ಕಟ್ಟಿತ್ತು. ಅದರ ಮೂಲಕ ಕರೆಂಟು ಕದ್ದು ಹರಿದು, ತಣ್ಣಗಿದ್ದದ್ದನ್ನು ಬಿಸಿ ಎಂದು ಬೋರ್ಡು ಮೂರು ದಿನ ಸುಳ್ಳು ಹೇಳಿತ್ತು. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ತೊಳೆದು, ಒಣಗಿಸಿ, ಸ್ವಿಚ್ ಹಾಕಿದರು. 31.2.

ಮೇಷ್ಟ್ರ ಕಿವಿ ಮಾತ್ರ ಮೂವತ್ತೇಳು ದಾಟಿತು. ಮುಚ್ಚಳ ತೆರೆದು ಆ ಹನ್ನೆರಡನ್ನು ನೋಡುವ ಧೈರ್ಯ ಬರಲಿಲ್ಲ. ನೇರ ಹಿತ್ತಿಲಿಗೆ ಹೋದರು. ಮರಿತಾಯಮ್ಮ ರಾಗಿ ಕೇರುತ್ತಿದ್ದರು. ಸಣ್ಣತಾಯಮ್ಮನೂ ಅಲ್ಲಿದ್ದದ್ದು ನ್ಯಾಯವೇ ಆಯಿತು.

“ಅತ್ತೆ... ಅವತ್ತು ನೀವು ಹೇಳಿದ್ದೇ ಸರಿ. ತಪ್ಪು ನಂದು. ಪೇಸ್ಟ್ ಒರೆಸಲಿಲ್ಲ. ಮೊಟ್ಟೆಗಳು...” ಸಣ್ಣತಾಯಮ್ಮನಿಗೂ ಕೇಳುವಂತೆ ದನಿ ಎತ್ತಿದರು. “ನಿಮ್ಮ ಚರ್ಮದ ಬಗ್ಗೆ ನಾನು ಹಾಗೆ ಮಾತಾಡಬಾರದಿತ್ತು.”

ಮರಿತಾಯಮ್ಮ ಮೊರ ಕೆಳಗಿಟ್ಟರು. “ಬುಡಪ್ಪ. ಅವತ್ತೇ ನೀನು ಅತ್ಲಾಗೆ ತರಕಾರಿ ತರಕ್ಕೆ ಓದೆ, ಇತ್ಲಾಗೆ ನಾವು ಮೊಟ್ಟೆ ಎತ್ಕಂಡೊ. ಇವ್ಳ ಕೋಳಿ ಓದ್ ವಾರದಿಂದ ಕಾವಿಗೆ ಕುಂತದೆ, ಅದ್ರಡೀಲಿ ಮಡಗಿದೊ.”

ಸಣ್ಣತಾಯಮ್ಮ ಗೋಡೆಯಾಚೆಯ ಮಂಕರಿ ಬುಟ್ಟಿ ತೋರಿಸಿದಳು. “ಬನ್ನಿ ಸಾ, ನೋಡಿ. ಒಂಬತ್ತು ಒಡದವೆ. ಏಳು ಕರೀವು.” ಕೋಳಿಯ ರೆಕ್ಕೆಯಡಿ ಕಿಚಿಕಿಚಿ. ಪಕ್ಕದಲ್ಲಿ ಬಿದ್ದಿದ್ದ ಚಿಪ್ಪಿನ ಚೂರಿನ ಮೇಲೆ ಮೇಷ್ಟ್ರದೇ ಅಕ್ಷರ: 7.

ಮೇಷ್ಟ್ರ ಕಣ್ಣು ಹನಿಗೂಡಿತು. ಆಮೇಲಷ್ಟೇ ಹೊಳೆಯಿತು. “ಹಾಗಾದ್ರೆ ಪೆಟ್ಟಿಗೇಲಿ ಏನಿದೆ?”

ರೋಜಾ ಒಳಗಿನಿಂದ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದಳು. ಹುರುಳಿಕಾಳು, ಕಾಳಿಗೊಂದರಂತೆ ಬೆಳ್ಳನೆಯ ಮೊಳಕೆ. “ಖಾಲಿ ಪೆಟ್ಟಿಗೆ ಕಾಯೋದು ಬ್ಯಾಡ ಅಂತ ನಿನ್ನೆ ಮಡಗಿದೆ. ಭಾಳ ಚೆನ್ನಾಗಿ ಕಾವು ಕೊಟ್ಟಿದ್ದೀರಿ, ಮೇಷ್ಟ್ರೇ.”

ಗಂಟಿನ ಜೊತೆ ‘ತೆರೆಯಕೂಡದು’ ಚೀಟಿಯೂ ಬಂದಿತ್ತು. ಮೊಟ್ಟೆ ಎತ್ತಿಕೊಳ್ಳುವಾಗ ಕಿತ್ತು ಮತ್ತೆ ಅಂಟಿಸಿದ ಅದು ಮೂರು ದಿನದಿಂದ ತಲೆಕೆಳಗಾಗಿ ಅಂಟಿತ್ತಂತೆ. ಹೊತ್ತುಹೊತ್ತಿಗೂ ಅದರ ಮುಂದೆ ನಿಂತು ಅಂಕಿ ಬರೆದವರಿಗೆ ಅದು ಕಂಡಿರಲಿಲ್ಲ.

ಮಧ್ಯಾಹ್ನ ಮೊಳಕೆ ಹುರುಳಿಯ ಸಾರು, ಮುದ್ದೆ. ಸಾರು ಕುದಿದು ಇಳಿಯಿತು. ಯಾರೂ ತಟ್ಟೆ ಹಾಕುವ ಮೊದಲೇ ಮೇಷ್ಟ್ರು ಎದ್ದುಹೋಗಿ, ಬಟ್ಟೆ ಹಿಂಡಿ, ಗ್ಯಾಸ್ ಒಲೆ ಒರೆಸತೊಡಗಿದರು.

ರೋಜಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

“ಬರ್ನರ್ ಕೆಳಗೆ ಒಂಚೂರು ಉಳ್ಕಂಡದೆ,” ಎಂದಳು. “ಇರ್ಲಿ ಬುಡಿ, ರಕ್ಷಾಕವಚ.”