ಮೆಟ್ಟಿಲ ಮೇಲೆ ದಬ್ಕೆ

ಬೀದಿಗೆಲ್ಲ ಕರೆಂಟು ಮಾರುವ ಜನರೇಟರಿನ ಮಾಲೀಕ ತನ್ನ ಯಂತ್ರಕ್ಕೆ ಬೆಳಗಿನ ವಿಶ್ರಾಂತಿ ಕೊಟ್ಟಿದ್ದರಿಂದ ಖಲ್ದೂನನ ವಿಶ್ರಾಂತಿ ತಪ್ಪಿತು. ಕರೆಂಟಿಲ್ಲದೆ ಲಿಫ್ಟು ನಡುದಾರಿಯಲ್ಲಿ ನೇತಾಡುತ್ತಿತ್ತು. ಖಲ್ದೂನ್ ಮತ್ತು ಅವನ ಸೋದರತ್ತೆ ಬದ್ರಿಯಾ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಕೆಳಗೆ ಬೀದಿಯಲ್ಲಿ ಮರೆವಿನ ಕಾಯಿಲೆಯ ವೃದ್ಧರನ್ನು ಹಗಲು ನೋಡಿಕೊಳ್ಳುವ ಕೇಂದ್ರದ ವ್ಯಾನು ಹಾರ್ನ್ ಹೊಡೆಯುತ್ತಿತ್ತು.

ರಾತ್ರಿಯೆಲ್ಲ ಬೇಕರಿಯ ಒಲೆಯ ಮುಂದೆ ನಿಂತು ಬರುವ ಖಲ್ದೂನನಿಗೆ ಆ ವ್ಯಾನೆಂದರೆ ನಿದ್ದೆ. ಅತ್ತೆ ಅದರಲ್ಲಿ ಹೋದರೆ ಸಂಜೆಯವರೆಗೆ ಹಾಸಿಗೆ. ಹೋಗದಿದ್ದರೆ ಅವಳು ಹಚ್ಚಿದ ಸ್ಟೌ ಆರಿಸುತ್ತ, ತಿರುಗಿಸಿದ ನಲ್ಲಿ ನಿಲ್ಲಿಸುತ್ತ ದಿನವಿಡೀ ಓಡಾಟ. ಈ ವಾರದಲ್ಲಿ ಅವಳು ಒಮ್ಮೆಯೂ ಹೊಸ್ತಿಲು ದಾಟಿರಲಿಲ್ಲ. ಇವತ್ತೂ ಬರದಿದ್ದರೆ ಜಾಗ ಇನ್ನೊಬ್ಬರಿಗೆ ಎಂದು ಕೇಂದ್ರದವರು ಫೋನು ಮಾಡಿ ಹೇಳಿದ್ದರು.

ಅತ್ತೆ ಬಾಗಿಲ ಚೌಕಟ್ಟನ್ನು ಬಂಡೆಗಂಟಿದ ಚಿಪ್ಪಿನ ಹಾಗೆ ಹಿಡಿದುಕೊಂಡಿದ್ದಳು.

“ರೊಟ್ಟಿಯವನೇ, ಕೈ ಬಿಡು. ನನ್ನ ತಮ್ಮನ ಮಗ ಸ್ಕೂಲಿಂದ ಬರೋ ಹೊತ್ತು.”

“ಅತ್ತೆ, ಆ ತಮ್ಮನ ಮಗ ನಾನೇ.”

ಅವಳು ಅವನನ್ನು ಬೋಳುತಲೆಯಿಂದ ಚಪ್ಪಲಿಯವರೆಗೆ ನೋಡಿದಳು. “ಸುಳ್ಳು ಹೇಳೋದಾದ್ರೂ ಅಳತೆ ನೋಡಿ ಹೇಳು.”

ಅಷ್ಟರಲ್ಲಿ ಎದುರು ಮನೆಯ ಉಮ್ ಸಫ್ವಾನ್ ತಾಮ್ರದ ತಟ್ಟೆಯಲ್ಲಿ ಕಾಫಿ ಕಪ್ಪು ಇಟ್ಟುಕೊಂಡು ಹಾಜರಾದಳು. ಹೆಸರಿಗೆ ಆಕೆ ಸಫ್ವಾನನ ತಾಯಿ. ನಡೆದುಕೊಳ್ಳುತ್ತಿದ್ದದ್ದು ಇಡೀ ಕಟ್ಟಡದ ತಾಯಿಯ ಹಾಗೆ.

“ಹೊದಿಕೇಲಿ ಸುತ್ತಿ ಎತ್ಕೊಂಡು ಹೋಗೋ.”

“ಹೋದ ವಾರ ಎತ್ತಿದೆ ಚಿಕ್ಕಮ್ಮ. ಕಿವಿ ಕಚ್ಚಿದ್ರು.”

“ಹಾಗಾದ್ರೆ ಡಾಕ್ಟರ ಹತ್ರ ಹೋಗೋಣ ಅನ್ನು.”

“ಅಂದೆ. ‘ಮುಖ ನೋಡಿದ್ರೆ ನಿಂಗೇ ಡಾಕ್ಟರು ಬೇಕು, ನೀನು ಹೋಗು’ ಅಂದ್ರು.”

ಹಾರ್ನ್ ಹೊಡೆದು ಬೇಸತ್ತ ಡ್ರೈವರು ವ್ಯಾನಿನ ಬಾಗಿಲನ್ನೇ ಬಡಿಯತೊಡಗಿದ. ಧಂ, ತಕ, ಧಂ. ಖಲ್ದೂನನ ಕಣ್ಣು ಅತ್ತೆಯ ಕಾಲಿನ ಮೇಲೆ ಬಿತ್ತು. ಚಪ್ಪಲಿಯ ತುದಿ ನೆಲ ತಟ್ಟುತ್ತಿತ್ತು. ಹೆಸರು, ಮುಖ, ವರ್ಷಗಳನ್ನೆಲ್ಲ ತಲೆ ಒಂದೊಂದಾಗಿ ಕಳೆದುಕೊಂಡರೂ ಕಾಲು ತನ್ನ ಪಾಲಿನದನ್ನು ಬೇರೆಲ್ಲೋ ಜೋಪಾನ ಮಾಡಿಟ್ಟುಕೊಂಡಿರುತ್ತದೆ. ಒಂದು ಕಾಲಕ್ಕೆ ಈ ಸೈದಾ ಊರಿನ ಮದುವೆಗಳಲ್ಲಿ ಕೈ ಕೈ ಹಿಡಿದು ದಬ್ಕೆ ಕುಣಿಯುವ ಸಾಲಿಗೆ ಅತ್ತೆಯೇ ಮುಂದಾಳು. ಬೈರೂತಿನಿಂದಲೂ ಕರೆ ಬರುತ್ತಿತ್ತು.

“ಚಿಕ್ಕಮ್ಮ, ಆ ತಾಮ್ರದ ತಟ್ಟೆ ಬಾರಿಸಿ!”

ಉಮ್ ಸಫ್ವಾನ್ ಸದ್ದು ಮಾಡುವ ಅವಕಾಶ ಬಿಟ್ಟವಳಲ್ಲ. ತಟ್ಟೆ ಮೊಳಗಿತು. ಖಲ್ದೂನ್ ಅತ್ತೆಯ ಕೈ ಹಿಡಿದು ಎಡಗಾಲು ಅಪ್ಪಳಿಸಿದ. ಅತ್ತೆ ಚೌಕಟ್ಟು ಬಿಟ್ಟಳು. ಅವನ ಕೊರಳಿನ ಟವೆಲನ್ನು ಸೆಳೆದು ತಲೆಯ ಮೇಲೆ ತಿರುಗಿಸುತ್ತ, “ಹೆಗಲು ನೆಟ್ಟಗೆ! ಒದ್ದೆ ಬಟ್ಟೆ ಥರ ನೇತಾಡ್ಬೇಡ!” ಎಂದು ಗದರಿ ಮೆಟ್ಟಿಲಿಗಿಳಿದಳು.

ದಬ್ಕೆಯಲ್ಲಿ ಮುಂದಿಡುವ ಹೆಜ್ಜೆಯಂತೆ ಹಿಂದಿಡುವ ಹೆಜ್ಜೆಯೂ ಇದೆ. ಸಮನೆಲದಲ್ಲಿ ಅದು ಸೊಗಸು. ಮೆಟ್ಟಿಲಲ್ಲಿ ಮೂರು ಇಳಿದು ಎರಡು ಹತ್ತಬೇಕು. ಅರ್ಧ ಮಹಡಿ ಮುಗಿಯುವಷ್ಟರಲ್ಲಿ ಖಲ್ದೂನನ ಮೊಣಕಾಲು ಎಣ್ಣೆ ಕಾಣದ ಕೀಲಿನಂತೆ ಕಿರುಗುಟ್ಟಿತು. ಆದರೆ ಅವನು ನಿಂತರೆ ಅತ್ತೆ ನಿಲ್ಲುತ್ತಾಳೆ. ಅತ್ತೆ ನಿಂತರೆ ವ್ಯಾನು ನಿಲ್ಲುವುದಿಲ್ಲ.

ಮೂರನೇ ಮಹಡಿಯ ಬಾಗಿಲು ತೆರೆಯಿತು. ದಬ್ಕೆಯ ಸಾಲು ಕಂಡ ಮೇಲೂ ಸೇರದೆ ಸುಮ್ಮನಿರುವುದು ಸೈದಾದಲ್ಲಿ ಯಾರಿಗೂ ಬಾರದ ವಿದ್ಯೆ. ದರ್ಜಿ ಮುಹ್ಸಿನ್ ಕತ್ತರಿಯನ್ನು ಜೇಬಿಗೆ ತುರುಕಿ ಖಲ್ದೂನನ ಇನ್ನೊಂದು ಕೈ ಹಿಡಿದ. ಎರಡನೇ ಮಹಡಿಯ ಅಕ್ಕತಂಗಿಯರು ನಾಲಿಗೆ ಹೊರಳಿಸಿ ಮದುವೆಮನೆಯ ‘ಲುಲುಲು’ ಕೂಗು ಹಾಕಿದರು. ಯಾರೋ ಮೇಲಿನಿಂದ ಅಕ್ಕಿ ಎರಚಿದರು. ಅದರಲ್ಲಿ ಅರ್ಧ ಖಲ್ದೂನನ ಅಂಗಿಯೊಳಗೆ ಇಳಿಯಿತು.

“ಯಾರ ಮದುವೆನೋ?” ಎಂದ ದರ್ಜಿ.

“ನಮ್ಮ ಖಲ್ದೂನಂದೇ!” ಹಿಂದಿನಿಂದ ಉಮ್ ಸಫ್ವಾನ್ ಕೂಗಿದಳು.

ಅಲ್ಲ ಎನ್ನಲು ಉಸಿರು ಬೇಕಿತ್ತು. ಇದ್ದದ್ದು ಹೆಜ್ಜೆಗೆ ಸಾಲುವಷ್ಟು ಮಾತ್ರ. ತಾಳಕ್ಕೆ ತಲೆ ತಾನಾಗಿಯೇ ಮೇಲೆ ಕೆಳಗೆ ಆಡುತ್ತಿತ್ತು.

“ನೋಡಿ, ಒಪ್ಕೊಂಡ!” ಎಂದಳು ಉಮ್ ಸಫ್ವಾನ್.

ಅತ್ತೆ ಟವೆಲು ಬೀಸುತ್ತಲೇ ಬೀದಿ ದಾಟಿ ವ್ಯಾನು ಹತ್ತಿದಳು. ಡ್ರೈವರನಿಗೂ ಹೆಗಲು ನೆಟ್ಟಗೆ ಮಾಡಲು ಹೇಳಿ ಹೊರಟುಹೋದಳು. ಖಲ್ದೂನ್ ಗೋಡೆ ಹಿಡಿದುಕೊಂಡು ಮಹಡಿ ಹತ್ತಿ, ಅಕ್ಕಿಯ ಸಮೇತ ಹಾಸಿಗೆಗೆ ಬಿದ್ದ.

ಕಣ್ಣು ಮುಚ್ಚಿದ್ದೇ ತಡ, ಬಾಗಿಲು ಬಡಿದ ಸದ್ದು. ಒಂದು ತಟ್ಟೆ ಕ್ನಾಫೆ ಸಿಹಿ ಹಿಡಿದು ದರ್ಜಿ ನಿಂತಿದ್ದ.

“ಮುಬಾರಕ್ ಕಣೋ!”

“ಮದುವೆ ಇಲ್ಲ ಮಾರಾಯ. ಅತ್ತೇನ ಇಳಿಸ್ತಾ ಇದ್ದೆ.”

“ನಲವತ್ತೈದಕ್ಕೆ ನಾಚ್ಕೆ ಬಂತಾ? ಬಂದದ್ದು ಒಳ್ಳೇದೇ. ಕಾಫಿ ಮಾಡು.”

ಹರಸಲು ಬಂದವರನ್ನು ಕಾಫಿ ಕೊಡದೆ ಕಳಿಸುವ ಧೈರ್ಯ ಖಲ್ದೂನನ ವಂಶದಲ್ಲಿ ಯಾರಿಗೂ ಇರಲಿಲ್ಲ. ದರ್ಜಿ ಏಳುವ ಮೊದಲೇ ಅಕ್ಕತಂಗಿಯರು ಬಂದರು. ಅವರು ಏಳಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಉಮ್ ಸಫ್ವಾನ್ ತನ್ನ ಅಣ್ಣನನ್ನೂ, ಅಕ್ಕನ ಮಗಳು ಫೆರ್ಯಾಲಳನ್ನೂ ಕರೆತಂದು ಸೋಫಾದಲ್ಲಿ ಕೂರಿಸಿದಳು. ಫೆರ್ಯಾಲ್ ಎದುರು ಕಟ್ಟಡದಲ್ಲಿ ವಾಸವಿದ್ದ ಟೀಚರು, ಅವಿವಾಹಿತೆ. ಅವಳಿಗೂ ಕಾಫಿ ಕೊಟ್ಟ ಖಲ್ದೂನ್, ತನ್ನ ಕಪ್ಪು ಕೈಯಲ್ಲಿರುವಂತೆಯೇ ಕುರ್ಚಿಯಲ್ಲಿ ನಿದ್ದೆ ಹೋದ.

ಎಚ್ಚರವಾದದ್ದು ‘ಲುಲುಲು’ ಕೂಗಿಗೆ. ಸಂಜೆಯಾಗಿತ್ತು, ಕರೆಂಟು ಬಂದು ಲಿಫ್ಟೂ ಓಡುತ್ತಿತ್ತು. ಕೇಂದ್ರದಿಂದ ಬಂದಿದ್ದ ಅತ್ತೆ ನಡುಮನೆಯಲ್ಲಿ ನ್ಯಾಯಾಧೀಶಳಂತೆ ಕೂತಿದ್ದಳು. ಉಮ್ ಸಫ್ವಾನಳ ಅಣ್ಣ ಅಂಗೈಯಿಂದ ಮುಖ ಸವರಿಕೊಳ್ಳುತ್ತಿದ್ದ. ಫಾತಿಹಾ ಪ್ರಾರ್ಥನೆ ಓದಿ ಮುಗಿದಿತ್ತು. ಅಂದರೆ ನಿಶ್ಚಿತಾರ್ಥವೂ ಮುಗಿದಿತ್ತು.

“ಹೆಣ್ಣು ಕೇಳಿದ್ಯಾರು?” ಖಲ್ದೂನ್ ಗಾಬರಿಯಾದ.

“ನಿಮ್ಮತ್ತೆ!” ಎಂದ ದರ್ಜಿ. “ಒಂದು ಮಾತು ತಪ್ಪಲಿಲ್ಲ ಕಣೋ. ‘ನನ್ನ ತಮ್ಮನ ಮಗ ಚಿನ್ನ. ಯಾವತ್ತೂ ನನ್ನ ಕೈ ಬಿಟ್ಟವನಲ್ಲ’ ಅಂದ್ರು.”

ಖಲ್ದೂನ್ ಅತ್ತೆಯ ಕಡೆ ತಿರುಗಿದ. ಎಷ್ಟೋ ವರ್ಷಗಳಿಂದ ಅವಳ ಬಾಯಲ್ಲಿ ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಿರಲಿಲ್ಲ. ಅವಳು ಆಡಿದ ದಿನ ಅವನು ಗೊರಕೆ ಹೊಡೆಯುತ್ತಿದ್ದ.

ಆದರೂ ಸಾವರಿಸಿಕೊಂಡು, “ಚಿಕ್ಕಮ್ಮ, ಬೆಳಿಗ್ಗೆ ನಡೆದದ್ದು ಮದುವೆ ಅಲ್ಲ ಅಂತ ನಿಮಗಾದ್ರೂ ಗೊತ್ತಲ್ಲ!” ಎಂದ.

“ಗೊತ್ತಿಲ್ದೆ ಏನು? ತಟ್ಟೆ ಬಾರಿಸಿದವಳೇ ನಾನು.” ಉಮ್ ಸಫ್ವಾನ್ ಕ್ನಾಫೆಯ ಕೊನೆಯ ತುಂಡು ಬಾಯಿಗಿಟ್ಟಳು. “ಬಾರಿಸ್ತಾ ಬಾರಿಸ್ತಾ ನಿನ್ನ ಹೆಜ್ಜೇನೇ ನೋಡ್ತಿದ್ದೆ.”

ಖಲ್ದೂನ್ ಯೋಚಿಸಿದ. ಕೆಟ್ಟದ್ದೇನಲ್ಲ. ಮನೆಯಲ್ಲಿ ಇಬ್ಬರಾದರೆ ಒಬ್ಬರು ಅತ್ತೆಯನ್ನು ನೋಡಿಕೊಳ್ಳುವಾಗ ಇನ್ನೊಬ್ಬರು ಮಲಗಬಹುದು. ಅವನು ಮೊದಲ ಬಾರಿಗೆ ಫೆರ್ಯಾಲಳನ್ನು ಸರಿಯಾಗಿ ನೋಡಿದ. ಅವಳ ಕಣ್ಣೂ ಅವನದರಷ್ಟೇ ಕೆಂಪಾಗಿತ್ತು.

“ನೀವು ಯಾಕೆ ಒಪ್ಕೊಂಡ್ರಿ?”

“ನಮ್ಮಮ್ಮಂಗೂ ಹೀಗೇ ಮರೆವು,” ಎಂದಳು ಫೆರ್ಯಾಲ್. “ನಮ್ಮದು ಆರನೇ ಮಹಡಿ. ಅಮ್ಮ ಕೆಳಗಿಳಿದು ಎಷ್ಟೋ ಕಾಲ ಆಯ್ತು. ನೋಡೋಕೆ ಬಂದ ಗಂಡುಗಳೆಲ್ಲ ಅಡುಗೆ ಬರುತ್ತಾ ಅಂತ ಕೇಳಿದ್ರು. ಅಮ್ಮನ್ನ ಇಳಿಸೋಕೆ ಬರುತ್ತಾ ಅಂತ ನಾನು ಕೇಳಿದ ಕೂಡ್ಲೇ ಎದ್ದು ಹೋದ್ರು. ಇವತ್ತು ರಜಾ ಹಾಕಿದ್ದೆ, ನೀವು ಅತ್ತೇನ ಕುಣಿಸ್ಕೊಂಡು ಬಂದದ್ದನ್ನ ಬಾಲ್ಕನಿಯಿಂದ ನೋಡ್ದೆ. ಕೇಂದ್ರದಲ್ಲಿ ಅಮ್ಮಂಗೂ ಜಾಗ ಸಿಕ್ಕಿದೆ, ನಾಳೆಯಿಂದ. ಆದ್ರೆ ವ್ಯಾನ್ ಬರೋ ಹೊತ್ತಿಗೆ ನಾನು ಸ್ಕೂಲಲ್ಲಿರ್ತೀನಿ.”

ಖಲ್ದೂನ್ ಸೋತ ನಗೆ ನಕ್ಕ. ಕೈ ಹಿಡಿದು ಕುಣಿಸಿದರೆ ಅವರೂ ಇಳಿದಾರು. ಇಳಿಯುವುದು ಮುಗಿದರೆ ಆಮೇಲೆ ಹಾಸಿಗೆ ಇದ್ದೇ ಇದೆ.

“ಇಳಿಸೋಣ ಬಿಡಿ,” ಎಂದ.

ಫೆರ್ಯಾಲಳ ಕಣ್ಣು ತುಂಬಿ ಬಂತು. ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ಅಂಚಿನಲ್ಲಿ ಒರೆಸಿಕೊಂಡು, ತುಸು ಸಂಕೋಚದಿಂದ ಕೇಳಿದಳು:

“ನಮ್ಮ ಕಟ್ಟಡದಲ್ಲಿ ಬರೀ ಮೆಟ್ಟಿಲು. ಸಂಜೆ ಅಮ್ಮನ್ನ ಮೇಲಕ್ಕೂ ಕುಣಿಸ್ಕೊಂಡೇ ಹತ್ತಿಸ್ಬೇಕಲ್ಲ?”