ಕೆಂಪು ಕೋಟಿನ ಬ್ಯಾಂಡು

ಮಂದಿಯ ಮದುವೆಗೆ ಹೋಗಿ ನಮ್ಮ ಮರ್ಯಾದೆ ಕಳೆದುಕೊಂಡು ಬರುವುದು ನಮ್ಮ ಬ್ಯಾಂಡಿಗೆ ರೂಢಿಯೇ ಆಗಿಬಿಟ್ಟಿತ್ತು. ಕಾಲೇಜಿನಲ್ಲಿ ಗುಮಾಸ್ತಿಕೆ, ರಜೆಯಲ್ಲಿ ಕ್ಲಾರಿನೆಟ್ಟು, ಹೀಗೆ ನನ್ನ ಆಯುಷ್ಯ ಹೋಯಿತು. ಈಗ ನಿವೃತ್ತ, ನೆನೆದು ನಗಲು ಬೇಕಾದಷ್ಟು ಪುರುಸೊತ್ತಿದೆ.

೧. ಅಳತೆ

ರಾಯಬಾಗದ ನಮ್ಮ ಬ್ಯಾಂಡಿಗೆ ಇದ್ದದ್ದು ಐದು ಕೆಂಪು ಕೋಟು, ನಿಪ್ಪಾಣಿಯಲ್ಲಿ ಹೊಲಿಸಿದ್ದು. ಢೋಲು ಬಾರಿಸುವ ನಮ್ಮ ಮಾಸ್ತರರದು ಒಂದೇ ಹಟ: ಐದೂ ಕೋಟು ಬೀದಿಗಿಳಿದರೆ ಬ್ಯಾಂಡು, ಒಂದು ಗೂಟಕ್ಕೆ ನೇತುಬಿದ್ದರೂ ಅವತ್ತೇ ಬಂದ್. ಡೊಳ್ಳುಹೊಟ್ಟೆಯ ಟ್ರಂಪೆಟ್ಟಿನವನು ಸಕ್ಕರೆ ಕಾರ್ಖಾನೆ ಸೇರಿದಾಗ ಮಾಸ್ತರರು ಊರೂರು ಅಲೆದು ಪಾಲಬಾವಿಯ ಹಿಟ್ಟಿನ ಗಿರಣಿಯವನನ್ನು ಹಿಡಿದು ತಂದರು. ಕೋಟು ಹೇಳಿ ಹೊಲಿಸಿದಂತೆ ಕೂತಿತು. ಊದಲು ಬರುತ್ತದೆಯೇ ಎಂದೆ.

"ಊದೂದು ಕಲಸಬಹುದ್ರಿ. ಅಂಥಾ ಹೊಟ್ಟಿ ಎಲ್ಲಿಂದ ತರೂದು?"

೨. ಸಮಾಧಾನ

ಮುಂದೆ ಸೈಡ್ ಡ್ರಮ್ಮಿನವನು ಕೋಟು ಮಡಿಚಿ ತಂದುಕೊಟ್ಟ, ಡಿಜೆ ಕೊಂಡಿದ್ದ. ಮಾಸ್ತರರ ಕಣ್ಣು ತುಂಬಿತು. ಅವನಿಗೂ ಕರುಳು ಚುರುಕ್ ಎಂದಿರಬೇಕು.

"ಅಳಬ್ಯಾಡ್ರಿ ಮಾಸ್ತರ. ನಿಮ್ಮ ಮೊಮ್ಮಗನ ಮದುವಿಗೆ ಡಿಜೆ ಪುಕ್ಕಟ ಹಚ್ತೀನಿ."

ಹತ್ತು ವರ್ಷ ಮಾಸ್ತರರು ಅವನ ಮುಖ ನೋಡಲಿಲ್ಲ.

೩. ಐನಾಪುರದ ಮೆರವಣಿಗೆ

ಕೊನೆಗೆ ಬಾರಿಸಲು ಬರುವವರು ಮಾಸ್ತರರು, ನಾನು, ಇಬ್ಬರೇ ಉಳಿದೆವು. ಮಿಕ್ಕ ಮೂರು ಕೋಟಿನೊಳಗೆ ಏನೂ ಕಲಿಯದ ಗಿರಣಿಯವನು ಮತ್ತು ಅವನ ಇಬ್ಬರು ಅಳಿಯಂದಿರು. ಗಲ್ಲ ಉಬ್ಬಿಸಿ, ಬೆರಳು ಆಡಿಸಿ, ಉಸಿರು ಮಾತ್ರ ಬಿಡಬೇಡಿ ಎಂದು ಮಾಸ್ತರರು ತಾಕೀತು ಮಾಡಿದ್ದರು. ಭಯವಿರಲಿಲ್ಲ. ಮುಂದೆ ಗಂಡಿನ ಕಡೆಯವರ ಡಿಜೆ ಗುಡುಗುತ್ತಿತ್ತು, ಅದೂ ನಮ್ಮ ಹಳೆಯ ಡ್ರಮ್ಮಿನವನದೇ. ನಮ್ಮದು ನಮಗೇ ಕೇಳುತ್ತಿರಲಿಲ್ಲ. ನಮ್ಮನ್ನು ಕರೆಸಿದ್ದ ಹೆಣ್ಣಿನ ತಂದೆಯಂತೂ ಐದು ಕೋಟು ಕಂಡು ಖುಷಿಯಾಗಿ, ತಂಗಿಯ ಮಗಳ ಮದುವೆಗೂ ನೀವೇ ಬರಬೇಕೆಂದು ಹೇಳಿಬಿಟ್ಟರು. ವರ್ಷದ ಮೇಲೆ ಸಿಕ್ಕ ಮೊದಲ ಕರೆ ಅದು. ಮಾಸ್ತರರ ಮುಖ ಅರಳಿತು.

ಅಷ್ಟರಲ್ಲಿ ಡಿಜೆಯ ಜನರೇಟರ್ ಕೆಮ್ಮಿ ನಿಂತಿತು.

ಇಡೀ ಮೆರವಣಿಗೆ ನಮ್ಮತ್ತ ತಿರುಗಿತು. ಮಾಸ್ತರರ ಢೋಲೂ ನಿಂತು, ನನ್ನ ಕ್ಲಾರಿನೆಟ್ಟು ಒಂಟಿಯಾಗಿ ಕುಂಯ್‌ಗುಟ್ಟಿತು. ಹೆಣ್ಣಿನ ತಂದೆ ಗಲ್ಲ ಉಬ್ಬಿಸಿ ನಿಂತಿದ್ದ ಗಿರಣಿಯವನ ಬಳಿ ಬಂದು, ಬಗ್ಗಿ, ಟ್ರಂಪೆಟ್ಟಿಗೆ ಕಿವಿ ಹಚ್ಚಿದರು.

ಮಾಸ್ತರರು ಢೋಲು ಇಳಿಸಿ ಓಡತೊಡಗಿದರು. ಊರು ಬಿಟ್ಟೇ ಓಡುತ್ತಾರೆ ಎಂದುಕೊಂಡೆ. ಅವರು ನೇರ ಡಿಜೆ ಗಾಡಿ ಹತ್ತಿ, ಹತ್ತು ವರ್ಷ ಮುಖ ನೋಡದ ಆ ಡ್ರಮ್ಮಿನ ಶಿಷ್ಯನ ಎರಡೂ ಕೈ ಹಿಡಿದುಕೊಂಡರು.

"ಲಗೂನ ಚಾಲೂ ಮಾಡೋ ತಮ್ಮಾ, ನಮ್ಮ ಬ್ಯಾಂಡ್ ಬಂದ್ ಆಗೇತಿ."